ಅಣ್ಣನನ್ನು ಕ್ಷಮಿಸಿದರೆ ತೋಟದ ಪಾಲನ್ನೂ ಬಿಡಬೇಕಾ?

ಪ್ರಶ್ನೆ: ನನ್ನ ತವರು ತೀರ್ಥಹಳ್ಳಿ ಕಡೆ. ಮದುವೆಯಾಗಿ ಶಿವಮೊಗ್ಗದಲ್ಲಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ, "ಪೌತಿ ಖಾತೆಗೆ ಎಲ್ಲರ ಸಹಿ ಬೇಕಂತೆ" ಎಂದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದ. ಅಣ್ಣ ಅಲ್ವಾ ಅಂತ ಓದದೆ ಸಹಿ ಹಾಕಿದೆ. ಅದು ಹಕ್ಕು ಬಿಡುಗಡೆ ಪತ್ರ ಅಂತ ಗೊತ್ತಾಗಿದ್ದು ಹೋದ ವರ್ಷ. ಮೂರು ಎಕರೆ ಅಡಿಕೆ ತೋಟ ಪೂರ್ತಿ ಅವನ ಹೆಸರಿಗಾಗಿದೆ. ಕೇಳಿದರೆ "ನಿನ್ನ ಮದುವೆಗೆ ಬಂಗಾರ ಹಾಕಿಲ್ವಾ" ಅನ್ನುತ್ತಾನೆ. ಅಮ್ಮ ಹಾಸಿಗೆ ಹಿಡಿದಿದ್ದಾರೆ, ಇರುವುದು ಅವನ ಮನೆಯಲ್ಲೇ. "ನಾನು ಕಣ್ಣು ಮುಚ್ಚೋದ್ರೊಳಗೆ ಅಣ್ಣನನ್ನು ಕ್ಷಮಿಸಿಬಿಡು" ಅಂತ ಅಳುತ್ತಾರೆ. ಚರ್ಚಿನಲ್ಲೂ ಅದೇ ಉಪದೇಶ, ಏಳೆಪ್ಪತ್ತು ಸಲ ಕ್ಷಮಿಸಬೇಕು ಅಂತ. ಪರಲೋಕ ಮಂತ್ರದಲ್ಲಿ, ನಾವು ಇತರರನ್ನು ಕ್ಷಮಿಸುವ ಹಾಗೆ ನಮ್ಮನ್ನು ಕ್ಷಮಿಸಿ ಅನ್ನುವ ಸಾಲು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದೇನೆ. ಊರಿಗೆ ಹೋದಾಗ, ಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವ ಹೊತ್ತಿಗೆ ಅಣ್ಣ ನಗುತ್ತ ನನ್ನ ಕಡೆ ಕೈ ಮುಗಿಯುತ್ತಾನೆ. ನಾನು ಮುಖ ತಿರುಗಿಸುತ್ತೇನೆ. ಅವನು ಒಂದು ಸಲವೂ ತಪ್ಪಾಯ್ತು ಅಂದಿಲ್ಲ. ವಕೀಲರಿಗೆ ಕಾಗದ ಕೊಟ್ಟಿದ್ದೇನೆ. ಕ್ಷಮಿಸುವುದು ಅಂದರೆ ಕೇಸು ಬಿಡಬೇಕಾ? ಬಿಡದಿದ್ದರೆ ನಾನು ಕ್ರೈಸ್ತಳೇ ಅಲ್ವಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಅಣ್ಣನನ್ನು ಕ್ಷಮಿಸಲೇಬೇಕು. ಅವನು ತಪ್ಪಾಯ್ತು ಅನ್ನುವವರೆಗೆ ಕಾಯುವ ಹಾಗೂ ಇಲ್ಲ. ಆದರೆ ಕ್ಷಮಿಸಿದ ಮಾತ್ರಕ್ಕೆ ತೋಟದ ಪಾಲು ಬಿಟ್ಟ ಹಾಗೆ ಆಗುವುದಿಲ್ಲ. ನಿಮ್ಮ ಸುತ್ತ ಇರುವವರು ಈ ಎರಡನ್ನೂ ಸೇರಿಸಿ ಒಂದೇ ಗಂಟು ಕಟ್ಟಿ ನಿಮ್ಮ ತಲೆ ಮೇಲೆ ಇಟ್ಟಿದ್ದಾರೆ. ನಿಮ್ಮ ಬಾಯಿ ಕಟ್ಟುತ್ತಿರುವುದು ಅದರಿಂದಲೇ ಅಂತ ನನಗೆ ಅನಿಸುತ್ತದೆ.

ಕಷ್ಟದ ಭಾಗವನ್ನು ಮೊದಲು ನೋಡೋಣ. ಅದನ್ನು ಮೆತ್ತಗೆ ಮಾಡಿ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ.

ಪರಲೋಕ ಮಂತ್ರದಲ್ಲಿ ಅಷ್ಟೊಂದು ಬೇಡಿಕೆಗಳಿವೆ. ಯೇಸುಸ್ವಾಮಿ ಅದನ್ನು ಕಲಿಸಿ ಮುಗಿಸಿದ ಮೇಲೆ ಮತ್ತೆ ತಿರುಗಿ ವಿವರಿಸಿದ್ದು ಒಂದನ್ನು ಮಾತ್ರ. ರೊಟ್ಟಿಯ ಬಗ್ಗೆ ಏನೂ ಹೇಳಲಿಲ್ಲ, ಶೋಧನೆಯ ಬಗ್ಗೆ ಏನೂ ಹೇಳಲಿಲ್ಲ. ಕ್ಷಮೆಯ ಸಾಲನ್ನು ಹಿಡಿದು, ನೀವು ಜನರನ್ನು ಕ್ಷಮಿಸದಿದ್ದರೆ ನಿಮ್ಮ ತಂದೆಯೂ ನಿಮ್ಮನ್ನು ಕ್ಷಮಿಸುವುದಿಲ್ಲ ಎಂದರು. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ, 14 ಮತ್ತು 15ನೇ ವಚನ. ಮುಚ್ಚುಮರೆ ಇಲ್ಲದ ಮಾತು. ನಿಮ್ಮ ಬಾಯಿ ಅಲ್ಲಿ ಕಟ್ಟುತ್ತದೆ ಅಂದರೆ ನೀವು ಆ ಸಾಲನ್ನು ಕಿವಿಗೊಟ್ಟು ಕೇಳಿದ್ದೀರಿ. ನಮ್ಮಲ್ಲಿ ಬಹಳ ಜನ ಅದನ್ನು ಬಸ್ಸಿನ ವೇಗದಲ್ಲಿ ಹೇಳಿ ಮುಗಿಸುತ್ತೇವೆ.

ಇನ್ನು ಏಳೆಪ್ಪತ್ತು ಸಲದ ಮಾತು. ಅದು ಮತ್ತಾಯ 18ನೇ ಅಧ್ಯಾಯದಲ್ಲಿದೆ. ಯೇಸುಸ್ವಾಮಿಯ ಶಿಷ್ಯ ಪೇತ್ರ ಕೇಳಿದ ಪ್ರಶ್ನೆ ನಿಮ್ಮದರ ಹಾಗೇ ಇದೆ ನೋಡಿ: ನನ್ನ ಸಹೋದರ ನನಗೆ ತಪ್ಪು ಮಾಡುತ್ತಾ ಬಂದರೆ ಎಷ್ಟು ಸಲ ಕ್ಷಮಿಸಲಿ, ಏಳು ಸಲ ಸಾಕಾ? ಏಳಲ್ಲ, ಏಳೆಪ್ಪತ್ತು ಸಲ ಅಂದ ಯೇಸುಸ್ವಾಮಿ ಜೊತೆಗೇ ಒಬ್ಬ ಸಾಲಗಾರನ ಕಥೆ ಹೇಳಿದರು. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ರಾಜ ಕನಿಕರಪಟ್ಟು ಪೂರ್ತಿ ಮನ್ನಾ ಮಾಡಿದ. ಅವನು ಹೊರಗೆ ಬಂದವನೇ, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದ. ಸುದ್ದಿ ರಾಜನಿಗೆ ಮುಟ್ಟಿತು. ಮನ್ನಾ ಆಗಿದ್ದ ಸಾಲ ಮತ್ತೆ ಅವನ ತಲೆ ಮೇಲೆ ಬಂತು.

ಈ ಲೆಕ್ಕವನ್ನು ನಮ್ಮ ಕಡೆಯ ಕೂಲಿಯಲ್ಲಿ ಹಾಕಿ ನೋಡಿ. ಒಂದು ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ತೋಟದ ಆಳಿಗೆ ದಿನಕ್ಕೆ 600 ರೂಪಾಯಿ ಅಂತ ಇಟ್ಟುಕೊಳ್ಳಿ. ಜೊತೆಯವನ ಸಾಲ 60,000 ರೂಪಾಯಿ. ರಾಜ ಮನ್ನಾ ಮಾಡಿದ್ದು 3,600 ಕೋಟಿ. ಉಪದೇಶಗಳಲ್ಲಿ ಸಾಮಾನ್ಯವಾಗಿ ಈ ದೊಡ್ಡ ಮೊತ್ತವನ್ನೇ ತೋರಿಸುತ್ತಾರೆ. ನಾನು ಸಣ್ಣ ಮೊತ್ತದ ಹತ್ತಿರವೂ ಸ್ವಲ್ಪ ನಿಲ್ಲುತ್ತೇನೆ. ನೂರು ದಿನದ ಕೂಲಿ ಬಡವನ ಮನೆಯಲ್ಲಿ ಸಣ್ಣದಲ್ಲ. ಅಷ್ಟು ದಿನ ಒಲೆ ಉರಿಯುವ ದುಡ್ಡು ಅದು. ಯೇಸುಸ್ವಾಮಿ "ಹತ್ತು ಪೈಸೆ ಸಾಲ" ಅಂತ ಹೇಳಬಹುದಿತ್ತು. ಹೇಳಲಿಲ್ಲ. ನಿಮಗೆ ಆದ ನಷ್ಟ ಅವರ ಲೆಕ್ಕದಲ್ಲೂ ನಷ್ಟವೇ. "ಅಷ್ಟಕ್ಕೆಲ್ಲ ಏನು" ಅನ್ನುವವರು ಈ ಕಥೆಯನ್ನು ಸರಿಯಾಗಿ ಓದಿಲ್ಲ.

ಆದರೂ ಕ್ಷಮಿಸು ಅನ್ನುತ್ತದೆ ಕಥೆ. ನಷ್ಟ ಸಣ್ಣದು ಅನ್ನುವ ಕಾರಣಕ್ಕಲ್ಲ. ಕ್ಷಮಿಸುವವನು ತಾನೂ ಮನ್ನಾ ಆದ ಸಾಲಗಾರ ಅನ್ನುವ ಕಾರಣಕ್ಕೆ. ಕ್ರೈಸ್ತ ಕ್ಷಮೆ ಬಿಟ್ಟಿಯಾಗಿ ಕೊಡುವಂಥದ್ದು ಅನ್ನುವುದು ಇದಕ್ಕೇ. ನಮಗೂ ಅದು ಬಿಟ್ಟಿಯಾಗಿ ಸಿಕ್ಕಿದ್ದು. ಅಣ್ಣ ಅದಕ್ಕೆ ಲಾಯಕ್ಕಾ ಅನ್ನುವ ಪ್ರಶ್ನೆ ಇಲ್ಲಿ ಬರುವುದಿಲ್ಲ. ಲಾಯಕ್ಕು ನೋಡಿ ಕೊಡುವುದಾದರೆ ನಮಗೂ ಸಿಗುತ್ತಿರಲಿಲ್ಲ.

"ಅವನು ಕೇಳಿಯೇ ಇಲ್ಲವಲ್ಲ" ಅಂದಿರಿ. ಇಲ್ಲಿ ಬೈಬಲ್ ಎರಡು ಥರ ಮಾತಾಡುತ್ತದೆ. ಲೂಕ 17ರಲ್ಲಿ, ನಿನ್ನ ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅಂತಿದೆ. ಮಾರ್ಕ 11ರಲ್ಲಿ ಅಂಥ ಷರತ್ತೇ ಇಲ್ಲ: ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿಬಿಡಿ. ಶಿಲುಬೆಯ ಮೇಲೆ ಯೇಸುಸ್ವಾಮಿ ತಂದೆಯ ಹತ್ತಿರ ಕ್ಷಮೆ ಬೇಡಿದ್ದು ತಮ್ಮನ್ನು ಶಿಲುಬೆಗೇರಿಸಿ ತಮ್ಮ ಬಟ್ಟೆಗೆ ಚೀಟಿ ಹಾಕುತ್ತಿದ್ದವರ ಪರವಾಗಿ. ಅವರಲ್ಲಿ ಯಾರೂ ಕ್ಷಮೆ ಕೇಳಿರಲಿಲ್ಲ. ಕಲ್ಲೇಟು ತಿನ್ನುತ್ತಿದ್ದ ಮೊದಲ ಕ್ರೈಸ್ತ ಹುತಾತ್ಮ ಸ್ತೆಫಾನನೂ ಹಾಗೇ ಬೇಡಿಕೊಂಡ.

ನನಗೆ ಇವೆರಡೂ ಒಂದಕ್ಕೊಂದು ಎದುರು ಅನಿಸುವುದಿಲ್ಲ. ನಿಮ್ಮೊಳಗಿನ ಸೇಡನ್ನು ದೇವರ ಕೈಗೆ ಒಪ್ಪಿಸುವುದು ನಿಮ್ಮೊಬ್ಬರ ಕೆಲಸ. ಅದಕ್ಕೆ ಅಣ್ಣನ ಒಪ್ಪಿಗೆ ಬೇಡ, ಅವನು ಇದ್ದರೂ ಸತ್ತರೂ ಅದನ್ನು ಮಾಡಬಹುದು. ಮುರಿದ ಸಂಬಂಧ ಮತ್ತೆ ಕೂಡುವುದಕ್ಕೆ ಮಾತ್ರ ಇಬ್ಬರೂ ಬೇಕು. ಅಲ್ಲಿ ಅವನ ಬಾಯಿಂದ ಸತ್ಯ ಬರಲೇಬೇಕು. ಸಂತ ಪೌಲನೂ ರೋಮನರಿಗೆ ಬರೆದ ಪತ್ರದಲ್ಲಿ, ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಜೊತೆ ಸಮಾಧಾನದಿಂದಿರಿ ಅಂತ ಎರಡೆರಡು ಸಲ ಜಾಗ ಬಿಟ್ಟು ಬರೆಯುತ್ತಾನೆ. ಎಲ್ಲವೂ ನಿಮ್ಮಿಂದಲೇ ಆಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಹಳೆಯ ಒಡಂಬಡಿಕೆಯ ಯೋಸೇಫನನ್ನೇ ನೋಡಿ. ಅಣ್ಣಂದಿರು ಅವನನ್ನು ಗುಂಡಿಗೆ ಹಾಕಿ, ಆಮೇಲೆ ಮಾರಿದರು. ಬರಗಾಲದಲ್ಲಿ ಅವರೇ ಧಾನ್ಯಕ್ಕೆ ಬಂದು ಎದುರು ನಿಂತಾಗ ಅವನು ಮರೆಗೆ ಹೋಗಿ ಅತ್ತ. ಧಾನ್ಯ ಕೊಟ್ಟ, ಅವರ ದುಡ್ಡನ್ನೂ ಚೀಲದಲ್ಲೇ ವಾಪಸ್ ಇಡಿಸಿದ. ಆದರೆ ತಾನು ಯಾರು ಅಂತ ಹೇಳಲಿಲ್ಲ. ಗೂಢಚಾರರು ಎಂದು ಗದರಿಸಿದ, ಒಬ್ಬನನ್ನು ಒತ್ತೆ ಇಟ್ಟುಕೊಂಡ, ಬೆಳ್ಳಿ ಬಟ್ಟಲನ್ನು ಕಿರಿಯವನ ಚೀಲದಲ್ಲಿ ಹಾಕಿಸಿ ಪರೀಕ್ಷೆ ಮಾಡಿದ. ಹಿಂದೆ ತಮ್ಮನನ್ನು ಮಾರೋಣ ಅಂದಿದ್ದ ಯೂದನೇ ಈಗ "ಈ ತಮ್ಮನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೋ" ಅಂದಾಗ ಮಾತ್ರ ಯೋಸೇಫ ಬಾಯಿಬಿಟ್ಟು ಅತ್ತು ಅಪ್ಪಿಕೊಂಡ. ಹೊಟ್ಟೆಗೆ ಹಾಕುವುದನ್ನು ಅವನು ಮೊದಲ ದಿನವೇ ಮಾಡಿದ್ದ. ನಂಬುವುದಕ್ಕೆ ಮಾತ್ರ ಹೊತ್ತು ತೆಗೆದುಕೊಂಡ. ಅಣ್ಣ ಇನ್ನೊಂದು ಕಾಗದ ತಂದು ಸಹಿ ಹಾಕು ಅಂದರೆ, ಕ್ಷಮಿಸಿದ ತಂಗಿಯೂ ಅದನ್ನು ಓದಿಯೇ ಸಹಿ ಹಾಕಬೇಕು. ಅದರಲ್ಲಿ ಪಾಪ ಇಲ್ಲ.

ಈಗ ನನಗೆ ಸ್ವಲ್ಪ ಸಿಟ್ಟು ಬರುವ ವಿಷಯ. ಏಳೆಪ್ಪತ್ತು ಸಲ ಅನ್ನುವ ಮಾತು ಮತ್ತಾಯ 18ರ 22ನೇ ವಚನದಲ್ಲಿದೆ. ಅದೇ ಅಧ್ಯಾಯದ 15ನೇ ವಚನದಲ್ಲಿ ಏನಿದೆ ಅಂತ ಎಷ್ಟು ಜನ ನಿಮಗೆ ಹೇಳಿದ್ದಾರೆ? ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ ಹೋಗಿ, ನೀವಿಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತೋರಿಸು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಇದಾದ ಮೇಲೆ ಪೇತ್ರನ ಪ್ರಶ್ನೆ ಬರುತ್ತದೆ. ತಪ್ಪನ್ನು ತಪ್ಪು ಅಂತ ಬಾಯಿಬಿಟ್ಟು ಹೇಳಿದ ಮೇಲೆ ಕ್ಷಮೆಯ ಮಾತು. ನಮ್ಮಲ್ಲಿ 15ನ್ನು ಹಾರಿಸಿ 22ಕ್ಕೆ ಹೋಗುತ್ತಾರೆ. ಅದೂ ಜಾಸ್ತಿ ಹೆಣ್ಣುಮಕ್ಕಳ ವಿಷಯದಲ್ಲಿ.

ಇನ್ನೊಂದು ವಚನವೂ ಹೀಗೆ ತಪ್ಪು ವಿಳಾಸಕ್ಕೆ ಹೋಗುತ್ತದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಅನ್ನುವ ಮಾತು, ಮತ್ತಾಯ 5ರಲ್ಲಿ. ಯಾರಿಗೆ ಹೇಳಿದ್ದು ಅದು? ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರು ಇದೆ ಅಂತ ನೆನಪಾದರೆ ಎಂದು ಶುರುವಾಗುತ್ತದೆ. ಅಂದರೆ ದೂರು ಹೊತ್ತವನಿಗೆ, ತಪ್ಪು ಮಾಡಿದವನಿಗೆ. ನಿಮ್ಮ ಮನೆಯ ಮಟ್ಟಿಗೆ ಆ ವಚನ ನಿಮ್ಮ ಅಣ್ಣನದು. ಭಾನುವಾರ ಪೂಜೆಗೆ ಮೊದಲು ಎದ್ದು ಬರಬೇಕಾದವನು ಅವನು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಯೇಸುಸ್ವಾಮಿ ತನ್ನ ಮನೆಗೆ ಬಂದ ದಿನ "ಕ್ಷಮಿಸಿ" ಅಂದು ಊಟ ಹಾಕಿ ಕಳಿಸಲಿಲ್ಲ. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಈ ಮನೆಗೆ ಇಂದು ರಕ್ಷಣೆ ಬಂತು ಅನ್ನುವ ಮಾತು ಬಂದದ್ದು ಅದಾದ ಮೇಲೆ.

ಕ್ಷಮೆ ಮತ್ತು ನ್ಯಾಯ ಜೊತೆಜೊತೆಗೇ ನಡೆದದ್ದನ್ನು ನಮ್ಮ ದೇಶವೇ ನೋಡಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟು ಕೊಂದರು. ಮಕ್ಕಳಿಗೆ 10 ಮತ್ತು 6 ವರ್ಷ. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಎಲ್ಲರೆದುರು ಹೇಳಿದರು. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯನ್ನೂ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು. ಮುಖ್ಯ ಆರೋಪಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಅವರು ಕ್ಷಮಿಸಿದ್ದರಿಂದ ಕೋರ್ಟು ಬಾಗಿಲು ಹಾಕಲಿಲ್ಲ, ಕೋರ್ಟು ನಡೆದದ್ದರಿಂದ ಅವರ ಕ್ಷಮೆ ಸುಳ್ಳಾಗಲೂ ಇಲ್ಲ.

ಮಧ್ಯಪ್ರದೇಶದ ಸಿಸ್ಟರ್ ರಾಣಿ ಮರಿಯ ಅವರ ವಿಷಯ ನಿಮಗೆ ಇನ್ನೂ ಹತ್ತಿರದ್ದು, ಅಲ್ಲಿಯೂ ಮೂಲ ಜಮೀನು ಮತ್ತು ಸಾಲ. ಬಡ ರೈತರು ಬಡ್ಡಿ ಸಾಹುಕಾರರ ಕೈಯಿಂದ ಬಿಡಿಸಿಕೊಳ್ಳುವ ಹಾಗೆ ಅವರು ಮಾಡುತ್ತಿದ್ದರು. ಅದು ಕೆಲವರಿಗೆ ಸೇರಲಿಲ್ಲ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮುಂದರ್ ಸಿಂಗ್ ಅನ್ನುವವನು ಅವರನ್ನು ಇರಿದು ಕೊಂದ. ಅವನಿಗೆ ಜೈಲಾಯಿತು. 2002ರಲ್ಲಿ ರಾಣಿ ಮರಿಯ ಅವರ ಸ್ವಂತ ತಂಗಿ, ಅವರೂ ಸಿಸ್ಟರ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಕೊಲೆಯಾಗಿ ಏಳು ವರ್ಷದ ಮೇಲೆ. ಅವನು ಹೊರಗೆ ಬಂದದ್ದು 2006ರಲ್ಲಿ. ಈ ವರ್ಷಗಳನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ನಿಮಗೆ ಬೇಗ ಕ್ಷಮಿಸಿ ಮುಗಿಸು ಅನ್ನುವವರು ಸ್ವಲ್ಪ ತಾಳ್ಮೆ ಕಲಿಯಲಿ.

ಒಂದು ತೊಡಕಿನ ಮಾತನ್ನು ಮುಚ್ಚಿಡುವ ಹಾಗಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ ಪೌಲ, ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು ಕಟುವಾಗಿ ಬೈಯುತ್ತಾನೆ. ಅದಕ್ಕಿಂತ ಅನ್ಯಾಯವನ್ನೇ ಯಾಕೆ ಸಹಿಸಬಾರದು ಅನ್ನುತ್ತಾನೆ. ನಿಮ್ಮ ಅಣ್ಣನ ಕಡೆಯವರು ಇದನ್ನು ತೋರಿಸಿಯೇ ತೋರಿಸುತ್ತಾರೆ. ತೋರಿಸಲಿ. ಆದರೆ ಅಲ್ಲೇ ಮೇಲಿನ ಸಾಲಿನಲ್ಲಿ ಅವನು, ಸಹೋದರರ ನಡುವೆ ತೀರ್ಪು ಹೇಳುವ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ವಾ ಅಂತ ಸಭೆಯನ್ನು ಕೇಳುತ್ತಾನೆ. ಕೆಳಗಿನ ಸಾಲಿನಲ್ಲಿ, ನೀವೇ ಅನ್ಯಾಯ ಮಾಡುತ್ತೀರಿ, ವಂಚಿಸುತ್ತೀರಿ, ಅದೂ ಸ್ವಂತ ಸಹೋದರರಿಗೆ ಅನ್ನುತ್ತಾನೆ. ಮೂರನ್ನೂ ಸೇರಿಸಿ ಓದಬೇಕು. ಚರ್ಚಿನ ಹಿರಿಯರು ಕೂತು ಅಣ್ಣನನ್ನು ಕರೆಸಿ ಪತ್ರ ನೋಡಿ ನ್ಯಾಯ ಹೇಳುವುದಾದರೆ ಕೋರ್ಟು ಬೇಡ. ಹೇಳದಿದ್ದರೆ ಕೋರ್ಟಿಗೆ ಹೋದವಳನ್ನು ಬೈಯುವ ಹಕ್ಕು ಅವರಿಗಿಲ್ಲ. ಪೌಲನೇ ಬೇರೆ ದಾರಿ ಕಾಣದಾಗ ರೋಮ್ ಚಕ್ರವರ್ತಿ ಕೈಸರನಿಗೆ ಅಪೀಲು ಹಾಕಿದವನು.

ನಿಮ್ಮಿಂದ ಕಿತ್ತುಕೊಂಡವನ ಹತ್ತಿರ ವಾಪಸ್ ಕೇಳಬೇಡ ಅನ್ನುವ ಮಾತೂ ಲೂಕ 6ರಲ್ಲಿದೆ. ಅದನ್ನು ಅಕ್ಷರಕ್ಕೆ ಅಕ್ಷರ ಬದುಕಿದ ಸಂತರಿದ್ದಾರೆ. ನೀವೂ ಒಂದು ದಿನ ಗಂಡನ ಜೊತೆ ಕೂತು ಯೋಚಿಸಿ, ಪ್ರಾರ್ಥಿಸಿ, "ಇರಲಿ, ತೋಟ ಅಣ್ಣನಿಗೇ ಇರಲಿ" ಅಂತ ಮನಸಾರೆ ಬಿಟ್ಟುಕೊಡಬಹುದು. ಅದು ದೊಡ್ಡ ದಾನ. ಆದರೆ ಅದನ್ನು ನೀವು ಕೊಡಬೇಕು. ಅಮ್ಮನ ಕಣ್ಣೀರು, ಊರಿನ ಬಾಯಿ, ಉಪದೇಶದ ಭಯ ಸೇರಿ ನಿಮ್ಮ ಕೈಯಿಂದ ಬಿಡಿಸಿದರೆ ಅದು ಎರಡನೇ ಸಲದ ಸಹಿ ಆಯಿತು, ಅಷ್ಟೆ.

ಕಾನೂನಿನ ವಿಷಯ ನನ್ನ ಕ್ಷೇತ್ರ ಅಲ್ಲ, ಚುಟುಕಾಗಿ ಹೇಳುತ್ತೇನೆ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ ಸಮವಾಗಿ. ಮಗ, ಮಗಳು ಎಂಬ ಭೇದ ಅದರಲ್ಲಿಲ್ಲ. ಅಪ್ಪ ಬದುಕಿದ್ದಾಗ ಮಗಳಿಗೆ ಕೊಟ್ಟದ್ದನ್ನು ಪಾಲಿನಲ್ಲಿ ಮುರಿದುಕೊಳ್ಳುವ ಹಾಗೂ ಇಲ್ಲ, ಹಾಗಾಗಿ ಬಂಗಾರದ ಮಾತು ಅಲ್ಲಿ ನಡೆಯುವುದಿಲ್ಲ. ಆದರೆ ಮೋಸದ ಪತ್ರವನ್ನು ರದ್ದು ಮಾಡಿಸುವುದಕ್ಕೆ ಮೋಸ ಗೊತ್ತಾದ ದಿನದಿಂದ ಸಾಮಾನ್ಯವಾಗಿ 3 ವರ್ಷದ ಗಡುವಿದೆ. ಒಂದು ವರ್ಷ ಆಗಲೇ ಕಳೆದಿದೆ. ವಕೀಲರ ಹತ್ತಿರ ಇದನ್ನು ಮೊದಲು ಕೇಳಿ. ಫೀಸು ಕಷ್ಟವಾದರೆ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಅಂದಹಾಗೆ, ಆ ತೋಟದಲ್ಲಿ ಅಮ್ಮನಿಗೂ ಪಾಲಿತ್ತು. ಅವರ ಸಹಿಯನ್ನು ಏನು ಹೇಳಿ ಹಾಕಿಸಿಕೊಂಡರೋ, ಅದನ್ನೂ ನೋಡಿ.

ಹಾಗಾದರೆ ಕ್ಷಮಿಸುವುದು ಅಂದರೆ ಏನನ್ನು ಬಿಡುವುದು? ಸೇಡನ್ನು. ಅದು ಎಲ್ಲಿರುತ್ತದೆ ಅಂತ ಕಂಡುಕೊಳ್ಳುವುದು ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಈ ಮಳೆಗಾಲದಲ್ಲಿ ಅಣ್ಣನ ತೋಟಕ್ಕೆ ಕೊಳೆ ರೋಗ ಬಂತು, ಅರ್ಧ ಕಾಯಿ ಉದುರಿತು ಅಂತ ಯಾರೋ ಫೋನಿನಲ್ಲಿ ಹೇಳುತ್ತಾರೆ. ಆಗ ಒಳಗೆ ಸಣ್ಣಗೆ ಒಂದು ಖುಷಿ ಏಳುತ್ತದಲ್ಲ, "ಬೇಕಿತ್ತು ಅವನಿಗೆ" ಅಂತ. ಬಿಡಬೇಕಾಗಿರುವುದು ಅದನ್ನೇ. ಅಪ್ಪ ನೆಟ್ಟ ಮರಗಳು ಅವು. ನಿಮ್ಮ ಪಾಲೂ ಅದರಲ್ಲೇ ಉದುರುತ್ತಿದೆ. ಆದರೂ ಸೇಡಿಗೆ ಅದು ಖುಷಿಯೇ.

ಅಂಥ ಹೊತ್ತಿಗೆ ಯೇಸುಸ್ವಾಮಿ ಹೇಳಿದ ಕೆಲಸ, ನಿಮ್ಮನ್ನು ಹಿಂಸಿಸುವವರಿಗಾಗಿ ಪ್ರಾರ್ಥಿಸಿ. ದೊಡ್ಡ ಮಾತು ಬೇಡ. "ಸ್ವಾಮಿ, ಆ ತೋಟ ಉಳಿಯಲಿ, ಅಣ್ಣನಿಗೆ ಬುದ್ಧಿ ಬರಲಿ." ಮನಸ್ಸು ಒಪ್ಪದಿದ್ದರೂ ಬಾಯಲ್ಲಿ ಹೇಳಿ. ಸಿಟ್ಟು ಮತ್ತೆ ಬರುತ್ತದೆ, ಮತ್ತೆ ಹೇಳಿ. ಒಂದೇ ತಪ್ಪನ್ನು ಏಳೆಪ್ಪತ್ತು ಸಲ ಕ್ಷಮಿಸಬೇಕಾಗಿ ಬರುವುದೂ ಉಂಟು. ಒಳಗಿನ ನೋವು ಹೋಗಿಲ್ಲ ಅಂದರೆ ಕ್ಷಮಿಸಿಲ್ಲ ಅಂತ ಅರ್ಥ ಅಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ 2843ನೇ ಅಂಕದಲ್ಲಿ, ನೋವನ್ನು ಅನುಭವಿಸದೆ ಇರುವುದಾಗಲಿ ಮರೆಯುವುದಾಗಲಿ ನಮ್ಮ ಕೈಯಲ್ಲಿಲ್ಲ ಅಂತ ಒಪ್ಪಿಕೊಂಡಿದೆ. "ಮರೆತುಬಿಡು" ಅನ್ನುವವರು ಧರ್ಮಸಭೆಗಿಂತ ಜಾಸ್ತಿ ಕೇಳುತ್ತಿದ್ದಾರೆ.

ಕೇಸಿನೊಳಗೂ ಸೇಡು ಬಂದು ಕೂರುತ್ತದೆ, ಅಲ್ಲಿ ಹುಷಾರಾಗಿರಿ. ನಿಮ್ಮ ಪಾಲು ಎಷ್ಟೋ ಅಷ್ಟನ್ನೇ ಕೇಳಿ, ಒಂದು ಗುಂಟೆ ಜಾಸ್ತಿ ಬೇಡ. "ಹೆದರಿಸೋಣ, ಒಂದು ಹಲ್ಲೆ ಕಂಪ್ಲೇಂಟೂ ಕೊಟ್ಟುಬಿಡಿ" ಅಂತ ಯಾರಾದರೂ ಸಲಹೆ ಕೊಟ್ಟರೆ, ನಡೆಯದ ಹಲ್ಲೆಯನ್ನು ಬರೆಯಬೇಡಿ. ಕೊಯ್ಲಿನ ಹೊತ್ತಿಗೆ ಸರಿಯಾಗಿ ತಡೆಯಾಜ್ಞೆ ತಂದು ಬೆಳೆ ಮರದಲ್ಲೇ ಹಾಳಾಗುವ ಹಾಗೆ ಮಾಡಬೇಡಿ. ಅಮ್ಮನನ್ನು ಇಷ್ಟು ದಿನ ನೋಡಿಕೊಂಡವನು ಅಣ್ಣ, ಅತ್ತಿಗೆ ಕೈಯಲ್ಲಿ ಆದ ಸೇವೆ ಅದು. ಲೆಕ್ಕಕ್ಕೆ ಕೂತಾಗ ಆ ಖರ್ಚನ್ನು ನೀವಾಗಿಯೇ ಎತ್ತಿ ಹೇಳಿ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ರಾಜಿಯ ಬಾಗಿಲು ಕೊನೆಯವರೆಗೂ ತೆರೆದಿರಲಿ, ಲೋಕ ಅದಾಲತ್ ಇರುವುದೂ ಅದಕ್ಕೇ. ಮಕ್ಕಳನ್ನು ಮಾತ್ರ ಇದರಲ್ಲಿ ಎಳೆಯಬೇಡಿ. ಅವರು ಸೋದರಮಾವನ ಮನೆಗೆ ರಜೆಗೆ ಹೋಗುತ್ತಿದ್ದರೆ ಹೋಗಲಿ.

ಬೇರೆ ಓದುಗರಿಗೂ ಒಂದು ಮಾತು ಸೇರಿಸಬೇಕು. ಇದೇ ಪ್ರಶ್ನೆಯನ್ನು ಗಂಡನ ಹೊಡೆತ ತಿನ್ನುವ ಹೆಣ್ಣುಮಕ್ಕಳೂ ಕೇಳುತ್ತಾರೆ. ಕ್ಷಮಿಸುವುದು ಅಂದರೆ ಹೊಡೆಯುವವನ ಮನೆಗೆ ವಾಪಸ್ ಹೋಗಿ ನಿಲ್ಲುವುದಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಬನ್ನಿ, 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ. ಕ್ಷಮೆಯ ಮಾತು ಆಮೇಲೆ, ನಿಧಾನವಾಗಿ.

ಮತ್ತೆ ನಿಮ್ಮ ವಿಷಯಕ್ಕೆ. ಪರಮಪ್ರಸಾದ ಬಿಟ್ಟು ದೂರ ನಿಲ್ಲಬೇಡಿ. ಹಸಿದವರು ಊಟ ಬಿಟ್ಟರೆ ಬಲ ಎಲ್ಲಿಂದ ಬರಬೇಕು? ಪಾಪನಿವೇದನೆಗೆ ಹೋಗಿ. ನಿಮ್ಮ ಊರಿನಲ್ಲಿ ಎಲ್ಲರಿಗೂ ಗುರುತು, ಸಂಕೋಚ ಅನಿಸಿದರೆ ಶಿವಮೊಗ್ಗದಲ್ಲೇ ಬಿ.ಎಚ್. ರಸ್ತೆಯ ಪ್ರಧಾನಾಲಯ, ಅಂದರೆ ಕೆಥೆಡ್ರಲ್ ಚರ್ಚು ಇದೆ. "ಕ್ಷಮಿಸಬೇಕು ಅಂತ ಆಸೆ ಇದೆ, ಆಗುತ್ತಿಲ್ಲ" ಅಂತ ಇದ್ದದ್ದನ್ನು ಇದ್ದ ಹಾಗೆ ಫಾದರ್ ಹತ್ತಿರ ಹೇಳಿ. ಆ ಆಸೆಯೇ ಶುರು. ಶಾಂತಿ ಹಂಚಿಕೊಳ್ಳುವಾಗ ಅಣ್ಣ ಕೈ ಮುಗಿದರೆ ನೀವೂ ಮುಗಿಯಿರಿ, ನಗಬೇಕಾಗಿಲ್ಲ. ಅಲ್ಲಿ ಹಂಚುವುದು ಕ್ರಿಸ್ತರ ಶಾಂತಿಯನ್ನು. ತೋಟದ ವ್ಯವಹಾರ ಮುಗಿಯಿತು ಅಂತ ಅದಕ್ಕೆ ಅರ್ಥ ಇಲ್ಲ, ಅವನು ಹಾಗೆ ಅಂದುಕೊಂಡರೆ ಅದು ಅವನ ತಪ್ಪು ಲೆಕ್ಕ.

ಅಮ್ಮನ ಹತ್ತಿರ ಬೇಗ ಹೋಗಿ. ಅವರನ್ನು ಸಮಾಧಾನ ಮಾಡಲು "ಎಲ್ಲ ಬಿಟ್ಟೆ ಅಮ್ಮ" ಅಂತ ಸುಳ್ಳು ಹೇಳಬೇಡಿ, ಆ ಮಾತನ್ನು ನಾಳೆ ನಿಮ್ಮ ವಿರುದ್ಧವೇ ಬಳಸುತ್ತಾರೆ. "ಅಣ್ಣನ ಮೇಲೆ ಹಗೆ ಇಟ್ಟುಕೊಳ್ಳಲ್ಲ ಅಮ್ಮ, ಅವನಿಗೆ ಕೆಟ್ಟದ್ದು ಬಯಸಲ್ಲ. ಪಾಲಿನ ಮಾತನ್ನು ನಾವಿಬ್ಬರು ಕೂತು ಮಾತಾಡ್ತೀವಿ" ಅನ್ನಿ. ಇಷ್ಟು ನಿಜವಾಗಿಯೂ ಹೇಳುವ ಸ್ಥಿತಿಗೆ ನೀವು ಬಂದಿದ್ದರೆ ಮಾತ್ರ ಹೇಳಿ. ಬಂದಿಲ್ಲದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತು ಕಾಲು ಒತ್ತಿ, ಗಂಜಿ ಕುಡಿಸಿ ಬನ್ನಿ.

ಆಮೇಲೆ ಮತ್ತಾಯ 18ರ 15ನೇ ವಚನದ ಕೆಲಸ. ವಕೀಲರ ನೋಟಿಸ್ ಹೋಗುವುದಕ್ಕೆ ಮೊದಲು ಅಣ್ಣನಿಗೆ ನೀವೇ ಒಂದು ಪತ್ರ ಬರೆಯಿರಿ. ಒಂದು ಪುಟ ಸಾಕು. ಏನು ಹೇಳಿ ಸಹಿ ಹಾಕಿಸಿಕೊಂಡೆ, ಆಮೇಲೆ ನನಗೆ ಏನು ಗೊತ್ತಾಯಿತು, ನನ್ನ ಪಾಲು ಎಷ್ಟು, ಯಾವ ತಿಂಗಳೊಳಗೆ ಕೂತು ಮಾತಾಡೋಣ. ನಿನ್ನ ಮೇಲೆ ಸೇಡಿಲ್ಲ ಅಂತಲೂ ಬರೆಯಿರಿ, ಆಗಲೇ ಹೇಳಿದ ಹಾಗೆ ಅದು ನಿಜವಾಗಿದ್ದರೆ. ಬೈಬಲ್ ವಚನ ಹಾಕಬೇಡಿ, ಅತ್ತಿಗೆಯ ಹೆಸರು ಎತ್ತಬೇಡಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅವನಿಗೆ ತಾಗುವ ಹಾಗೆ ಏನೂ ಬರೆಯಬೇಡಿ. ಉತ್ತರ ಬರದಿದ್ದರೆ ಎರಡನೇ ಸಲ ಇಬ್ಬರನ್ನು ಕರೆದುಕೊಂಡು ಹೋಗಿ. ಒಬ್ಬರು ಅವನು ಮಾತು ಕೇಳುವ ಹಿರಿಯರಾಗಿರಲಿ, ನಿಮ್ಮ ಕಡೆಯವರೇ ಇಬ್ಬರು ಬೇಡ. ಅದೂ ಆಗದಿದ್ದರೆ ಫಾದರ್‌ಗೆ ತಿಳಿಸಿ, 3 ವರ್ಷದ ಗಡುವು ನೋಡಿಕೊಂಡು ಕೇಸು ಹಾಕಿ. ಪತ್ರವನ್ನು ನೀವೇ ಕೈಯಲ್ಲಿ ಕೊಡಿ. ಕೊಡುವ ಮೊದಲು ಒಂದು ಜೆರಾಕ್ಸ್ ಮಾಡಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.